ಅನುಕಂಪಕ್ಕೆ ಎಷ್ಟು ಅಂಕ?

(ಸಲಿಂಗ ಪ್ರೇಮಿಗಳ ಹಕ್ಕುಗಳನ್ನು ಕುರಿತ ಕಿರು ವಿಡಿಯೊ ಸ್ಪರ್ಧೆಯೊಂದರ ತೀರ್ಪು ಮುಗಿದ ಮೇಲೆ, ವಿಡಿಯೊ ಮಾಡುವ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಸ್ಪರ್ಧಿಗಳ ಗುರುತು ಸಿಗಬಾರದೆಂದು ವಿಡಿಯೊಗಳ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತೀರ್ಪುಗಾರರ ಕೈಗೆ ಕೊಡುವ ಅಂಕಪಟ್ಟಿಯನ್ನು ಸ್ಪರ್ಧಿಗಳಿಗೆ ಸಾಮಾನ್ಯವಾಗಿ ತೋರಿಸುವುದಿಲ್ಲ. ತೋರಿಸಬೇಕು ಎನ್ನುವವನು ನಾನು, ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಅದರಲ್ಲಿ ಐದು ಕಾಲಂ ಇದ್ದವು: ವಿಷಯ, ನಿರೂಪಣೆ, ತಾಂತ್ರಿಕ ಗುಣಮಟ್ಟ, ಹೊಸತನ, ಕೊನೆಯದು ‘ಮನ ಮುಟ್ಟುವ ಗುಣ’. ಎಲ್ಲಕ್ಕಿಂತ ಹೆಚ್ಚು ಅಂಕ ಇಟ್ಟಿದ್ದು ಈ ಕೊನೆಯದಕ್ಕೆ. ನನ್ನ ಇವತ್ತಿನ ತಕರಾರೆಲ್ಲ ಆ ಕಾಲಮ್ಮಿನ ಮೇಲೆ.

ಬಂದ ವಿಡಿಯೊಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಕಥೆ ಹೇಳಿದವು. ಹುಡುಗ ಕಿಟಕಿ ಪಕ್ಕ ಕೂತಿದ್ದಾನೆ. ಹೊರಗೆ ಮಳೆ, ಒಳಗೆ ಪಿಯಾನೊ. ಫೋನಿನಲ್ಲಿ ಏನೋ ಬರೆಯುತ್ತಾನೆ, ಅಳಿಸುತ್ತಾನೆ. ಅಪ್ಪ ದಢಾರನೆ ಬಾಗಿಲು ಎಳೆದುಕೊಂಡು ಹೊರಟುಹೋಗುತ್ತಾನೆ. ಅಮ್ಮ ಗೋಡೆಗೊರಗಿ ಅಳುತ್ತಾಳೆ. ಐವತ್ತನೇ ಸೆಕೆಂಡಿನ ಹೊತ್ತಿಗೆ ಅದೇ ಅಮ್ಮ ಒಳಗೆ ಬಂದು ಮಗನ ತಲೆ ಸವರುತ್ತಾಳೆ. ಕಾಮನಬಿಲ್ಲು. ‘ಪ್ರೀತಿಗೆ ಭೇದವಿಲ್ಲ’ ಎಂಬ ಸಾಲು. ಮುಗಿಯಿತು.

ಇದು ಸುಳ್ಳು ಕಥೆ ಅಂತ ನಾನು ಹೇಳುತ್ತಿಲ್ಲ. ಇಂಥದ್ದು ನಡೆಯುತ್ತದೆ. ತಲೆ ಸವರುವ ಅಮ್ಮ ಕೊನೆಗೂ ಬಾರದೇ ಇರುವುದೂ ನಡೆಯುತ್ತದೆ, ಅದೇ ಹೆಚ್ಚು. ನಾನು ಕೇಳುವುದು ಇಷ್ಟೆ: ಈ ಒಂದು ನಿಮಿಷದಲ್ಲಿ ಹಕ್ಕು ಎಲ್ಲಿ ಬಂತು? ಸ್ಪರ್ಧೆಯ ವಿಷಯ ಹಕ್ಕುಗಳು ಅಂತ ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಆದರೆ ಈ ಕಥೆಯಲ್ಲಿ ಹುಡುಗನಿಗೆ ಸಿಕ್ಕಿದ್ದು ಅಮ್ಮನ ಮನಸ್ಸು ಕರಗಿದ್ದರ ಫಲ. ಅವಳು ಕರಗದಿದ್ದರೆ ಅವನ ಗತಿ ಏನು ಅನ್ನುವುದಕ್ಕೆ ವಿಡಿಯೊದಲ್ಲಿ ಉತ್ತರ ಇಲ್ಲ. ಹಕ್ಕು ಬೇಕಾಗುವುದೇ ಅಂಥ ಹೊತ್ತಿನಲ್ಲಿ. ಅಮ್ಮ ಕರಗದಿದ್ದಾಗ, ಮನೆ ಮಾಲೀಕ ಮುಖ ಸಿಂಡರಿಸಿದಾಗ, ಮೇಲಧಿಕಾರಿಗೆ ಇಷ್ಟವಿಲ್ಲದಿದ್ದಾಗ ಕೂಡ ನಿಮಗೆ ಸಲ್ಲಬೇಕಾದದ್ದು ಸಲ್ಲುತ್ತದೆ ಅನ್ನುವ ಏರ್ಪಾಡಿಗೆ ಹಕ್ಕು ಅನ್ನುತ್ತಾರೆ. ಕಣ್ಣೀರಿನ ವಿಡಿಯೊ ನೋಡುಗನನ್ನು ಕೊಡುವವನ ಪೀಠದಲ್ಲಿ ಕೂರಿಸುತ್ತದೆ. ‘ಅಯ್ಯೋ ಪಾಪ, ಇವರೂ ಮನುಷ್ಯರೇ ಅಲ್ವಾ’ ಎಂದು ಅವನು ಕಣ್ಣೊರೆಸಿಕೊಳ್ಳುತ್ತಾನೆ, ತಾನು ಒಳ್ಳೆಯವನು ಎಂದು ತನಗೇ ಖಾತ್ರಿಯಾಗುತ್ತದೆ, ಮುಂದಿನ ವಿಡಿಯೊಗೆ ಬೆರಳು ಸರಿಸುತ್ತಾನೆ.

ಆದ್ದರಿಂದ ನಾನು ಪ್ರತಿ ವಿಡಿಯೊ ಮುಗಿದ ಮೇಲೂ ಒಂದು ಪ್ರಶ್ನೆ ಬರೆದಿಟ್ಟುಕೊಂಡೆ: ‘ಇಲ್ಲಿ ಯಾವ ಹಕ್ಕು, ಅದನ್ನು ತಡೆದವರು ಯಾರು, ಯಾವ ಕೌಂಟರಿನಲ್ಲಿ?’ ಇದಕ್ಕೆ ಉತ್ತರ ಸಿಗದ ವಿಡಿಯೊಗೆ, ಅದು ಎಷ್ಟೇ ಅಂದವಾಗಿರಲಿ, ‘ವಿಷಯ’ದ ಕಾಲಮ್ಮಿನಲ್ಲಿ ನನ್ನಿಂದ ಅರ್ಧದ ಮೇಲೆ ಅಂಕ ಬರಲಿಲ್ಲ. ಜೊತೆಗಿದ್ದವರು ನನ್ನನ್ನು ‘ಕೌಂಟರ್ ಸರ್’ ಅಂತ ಕರೆಯತೊಡಗಿದರು. ಅನ್ನಲಿ ಬಿಡಿ.

ಕೌಂಟರಿಗೆ ಯಾಕಿಷ್ಟು ಜೋತುಬಿದ್ದೆ ಅಂತ ಹೇಳುತ್ತೇನೆ. ಸಲಿಂಗ ಪ್ರೇಮಿಗಳ ಹಕ್ಕಿನ ಇತಿಹಾಸವನ್ನು ನೋಡಿ. ದೊಡ್ಡ ದೊಡ್ಡ ತೀರ್ಪುಗಳ ಬುಡದಲ್ಲಿ ಇರುವುದು ಯಾವುದೋ ಒಂದು ಕಾಗದ.

ಅಮೆರಿಕದ ಓಹಾಯೊದಲ್ಲಿ ಜಿಮ್ ಒಬರ್ಗೆಫೆಲ್, ಜಾನ್ ಆರ್ಥರ್ ಎಂಬ ಇಬ್ಬರು ಎರಡು ದಶಕ ಒಟ್ಟಿಗೆ ಬಾಳಿದ್ದರು. ಜಾನ್‌ಗೆ ಎಎಲ್‌ಎಸ್ ಎಂಬ ನರರೋಗ ಬಂತು. 2013ರ ಹೊತ್ತಿಗೆ ಹಾಸಿಗೆಯಿಂದ ಏಳಲಾಗದ ಸ್ಥಿತಿ. ಅವರ ರಾಜ್ಯದಲ್ಲಿ ಮದುವೆಗೆ ಅವಕಾಶವಿರಲಿಲ್ಲ. ವೈದ್ಯಕೀಯ ಸಲಕರಣೆಯಿದ್ದ ಸಣ್ಣ ವಿಮಾನವೊಂದನ್ನು ಗೊತ್ತುಮಾಡಿಕೊಂಡು ಮೇರಿಲ್ಯಾಂಡ್ ರಾಜ್ಯಕ್ಕೆ ಹಾರಿದರು. ವಿಮಾನ ನಿಲ್ದಾಣದಲ್ಲಿ ನಿಂತ ವಿಮಾನದೊಳಗೇ ಮದುವೆಯಾಗಿ ಮನೆಗೆ ಮರಳಿದರು. ಕೆಲವು ದಿನಗಳಲ್ಲಿ ವಕೀಲರೊಬ್ಬರು ಬಂದು ಖಾಲಿ ಮರಣ ಪ್ರಮಾಣಪತ್ರವೊಂದನ್ನು ಅವರ ಮುಂದೆ ಹಿಡಿದರು. ಜಾನ್ ತೀರಿಕೊಂಡಾಗ ಇಲ್ಲಿ ‘ಅವಿವಾಹಿತ’ ಎಂದು ಬರೆಯುತ್ತಾರೆ, ಬದುಕುಳಿದ ಸಂಗಾತಿಯ ಜಾಗ ಖಾಲಿ ಇರುತ್ತದೆ, ನಿಮಗೆ ಗೊತ್ತೇ ಎಂದರು. ಮೊಕದ್ದಮೆ ಹುಟ್ಟಿದ್ದು ಅಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಜಾನ್ ತೀರಿಕೊಂಡರು. ಮೊಕದ್ದಮೆ ಬೇರೆ ರಾಜ್ಯಗಳ ಮೊಕದ್ದಮೆಗಳ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಹೋಯಿತು. 2015ರ ಜೂನ್ 26ರಂದು ಐವರು ನ್ಯಾಯಮೂರ್ತಿಗಳು ಪರವಾಗಿ, ನಾಲ್ವರು ವಿರುದ್ಧವಾಗಿ ನಿಂತ ತೀರ್ಪಿನಲ್ಲಿ ಆ ದೇಶದ ಉದ್ದಗಲಕ್ಕೂ ಸಲಿಂಗ ವಿವಾಹಕ್ಕೆ ಮಾನ್ಯತೆ ಸಿಕ್ಕಿತು. ಇಷ್ಟೆಲ್ಲದರ ಮೂಲ ಒಂದು ಫಾರ್ಮಿನ ಎರಡು ಖಾಲಿ ಜಾಗ.

ಅದಕ್ಕೆ ಎರಡು ವರ್ಷ ಮುಂಚೆ ಎಡಿತ್ ವಿಂಡ್ಸರ್ ಎಂಬ ಮಹಿಳೆ ಗೆದ್ದ ಮೊಕದ್ದಮೆಯ ಬುಡದಲ್ಲಿದ್ದದ್ದು ತೆರಿಗೆ ನೋಟಿಸು. ಸಂಗಾತಿ ಥಿಯಾ ಸ್ಪೈಯರ್ 2009ರಲ್ಲಿ ತೀರಿಕೊಂಡಾಗ, ಗಂಡ ಹೆಂಡತಿಯ ನಡುವೆ ಕಟ್ಟಬೇಕಿಲ್ಲದ, ತೀರಿಕೊಂಡವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆಯನ್ನು ಆಕೆಯಿಂದ ಕಟ್ಟಿಸಿಕೊಂಡರು: 3,63,053 ಡಾಲರ್. ಒಂದೂ ಕಣ್ಣೀರಿಲ್ಲದೆ, ಬರೀ ಈ ಅಂಕಿಯನ್ನು ತೆರೆಯ ಮೇಲೆ ತೋರಿಸಿದರೂ ಒಂದು ವಿಡಿಯೊ ಆಗುತ್ತದೆ ಅಂತ ನನಗನಿಸುತ್ತದೆ.

ಇನ್ನೂ ಹಿಂದೆ ಹೋಗಿ. ಬೆಲ್‌ಫಾಸ್ಟ್‌ನಲ್ಲಿ ಹಡಗು ಸಾಗಣೆ ಕಚೇರಿಯ ಗುಮಾಸ್ತ ಜೆಫ್ರಿ ಡಜನ್. 1976ರ ಜನವರಿಯಲ್ಲಿ ಪೊಲೀಸರು ಮಾದಕ ವಸ್ತು ಹುಡುಕುವ ನೆಪದಲ್ಲಿ ಮನೆಗೆ ಬಂದವರು ಆತನ ಡೈರಿಗಳನ್ನೂ ಪತ್ರಗಳನ್ನೂ ಹೊತ್ತುಕೊಂಡು ಹೋದರು. ಠಾಣೆಯಲ್ಲಿ ಕೂರಿಸಿಕೊಂಡು ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಆತನ ಖಾಸಗಿ ಬದುಕನ್ನು ಕೆದಕಿದರು. ಕೊನೆಗೆ ಕೇಸೇ ಹಾಕಲಿಲ್ಲ. ಡಜನ್ ಸುಮ್ಮನಾಗಲಿಲ್ಲ. 1981ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧವಾಗಿಸುವುದು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ ಎಂದಿತು. ಮುಂದಿನ ವರ್ಷ ಉತ್ತರ ಐರ್ಲೆಂಡಿನ ಕಾನೂನು ಬದಲಾಯಿತು. ಆ ತೀರ್ಪಿನ ಮಾತುಗಳನ್ನು ಆಮೇಲೆ ಎಷ್ಟೋ ದೇಶಗಳ ನ್ಯಾಯಾಲಯಗಳು ಎತ್ತಿ ಹೇಳಿವೆ.

ಭಾರತದ ಕಥೆ ನಿಮಗೆ ಗೊತ್ತಿದೆ, ಆದರೂ ನಮ್ಮ ಸ್ಪರ್ಧೆಯ ಹಲವು ವಿಡಿಯೊಗಳು ಇದನ್ನು ಕಲಸುಮೇಲೋಗರ ಮಾಡಿದ್ದವು, ಅದಕ್ಕೇ ಹೇಳುತ್ತೇನೆ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಸೆಕ್ಷನ್ 1860ರ ದಂಡಸಂಹಿತೆಯದು. 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತು, 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹಲ್ಲನ್ನು ಮತ್ತೆ ಕೂರಿಸಿತು, 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿತು. ಅಪರಾಧವಲ್ಲ ಅಂದದ್ದು ಅಷ್ಟೆ. ಮದುವೆಯ ಪ್ರಶ್ನೆ ಬೇರೆಯೇ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಅದೇ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ, ಅದು ಶಾಸಕಾಂಗದ ಕೆಲಸ ಎಂದಿತು. ‘2018ರಿಂದ ನಾವು ಮದುವೆಯಾಗಬಹುದು’ ಎಂದು ಕುಣಿದ ವಿಡಿಯೊವೊಂದು ಕುಣಿತದಲ್ಲಿ ಬಹಳ ಚೆನ್ನಾಗಿತ್ತು. ಅಂಕ ಕೊಡಲಾಗಲಿಲ್ಲ. ಹಕ್ಕಿನ ವಿಡಿಯೊದಲ್ಲಿ ಇಲ್ಲದ ಹಕ್ಕನ್ನು ಇದೆ ಎಂದು ಹೇಳಿದರೆ, ನಂಬಿ ನೋಂದಣಿ ಕಚೇರಿಗೆ ಹೋದವರು ಮುಖಭಂಗ ಮಾಡಿಕೊಂಡು ಬರುತ್ತಾರೆ.

2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಒಂದು ಸ್ಪಷ್ಟೀಕರಣ ಕೊಟ್ಟಿತು: ಕ್ವಿಯರ್ ಸಂಬಂಧದಲ್ಲಿರುವವರು, ಅಂದರೆ ಸಲಿಂಗ ಪ್ರೇಮಿಗಳೂ ಸೇರಿದಂತೆ ಗಂಡು ಹೆಣ್ಣಿನ ರೂಢಿಯ ಚೌಕಟ್ಟಿನಾಚೆಯ ಜೋಡಿಗಳು, ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ. ಸಣ್ಣ ವಿಷಯವೇ. ಆದರೆ ಸ್ಪರ್ಧೆಯಲ್ಲಿ ಒಂದೇ ಒಂದು ವಿಡಿಯೊವಾದರೂ ಬ್ಯಾಂಕಿನ ಬಾಗಿಲು ದಾಟಿ ಒಳಗೆ ಹೋಗಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ. ಯಾರೂ ಹೋಗಲಿಲ್ಲ.

ಆಸ್ಪತ್ರೆಗೆ ಹೋದವರು ಒಬ್ಬರಿದ್ದರು. ಆ ವಿಡಿಯೊದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಡೀ ವಿಡಿಯೊದಲ್ಲಿ ಮುಖ ಕಾಣುವುದಿಲ್ಲ. ಐವತ್ತು ದಾಟಿದ ಗಂಡಸಿನ ಒಂದು ಕೈ, ಕ್ಲಿಪ್ಪಿಗೆ ಸಿಕ್ಕಿಸಿದ ದಾಖಲಾತಿ ಫಾರ್ಮು, ದಾರ ಕಟ್ಟಿದ ಪೆನ್ನು. ಕೈ ಬರೆಯುತ್ತಾ ಹೋಗುತ್ತದೆ. ರೋಗಿಯ ಹೆಸರು, ವಯಸ್ಸು, ರಕ್ತದ ಗುಂಪು. ಎಲ್ಲವೂ ಸರಸರನೆ. ಅಲರ್ಜಿ ಇದೆಯೇ? ಯಾವ ಔಷಧಿ ಆಗುವುದಿಲ್ಲ ಎಂದು ಕಾಗುಣಿತ ತಪ್ಪದೆ ಬರೆಯುತ್ತದೆ. ದಿನಾ ತೆಗೆದುಕೊಳ್ಳುವ ಮಾತ್ರೆಗಳು? ಬೆಳಿಗ್ಗೆಯದು, ರಾತ್ರಿಯದು, ಮಿಲಿಗ್ರಾಂ ಸಮೇತ, ನೆನಪಿನಿಂದ. ಆಮೇಲಿನ ಸಾಲು: ‘ರೋಗಿಯೊಂದಿಗೆ ಸಂಬಂಧ’. ಪೆನ್ನು ನಿಂತುಬಿಡುತ್ತದೆ. ಒಂದು ನಿಮಿಷದ ವಿಡಿಯೊದಲ್ಲಿ ಪೂರ್ತಿ ಒಂಬತ್ತು ಸೆಕೆಂಡು ನಿಲ್ಲುತ್ತದೆ. ಹಿಂದೆ ಯಾರದೋ ಟೋಕನ್ ನಂಬರ್ ಕರೆಯುವ ದನಿ. ಕೈ ‘ಸ್ನೇಹಿತ’ ಎಂದು ಬರೆಯುತ್ತದೆ. ಫಾರ್ಮು ಕೌಂಟರಿನ ಆಚೆ ಹೋಗುತ್ತದೆ. ಆ ಕಡೆಯಿಂದ, ಒರಟಾಗಿ ಅಲ್ಲ, ಸಹಜವಾಗಿ ಒಂದು ಪ್ರಶ್ನೆ: ‘ಸರ್, ಮನೆಯವರು ಯಾರೂ ಬಂದಿಲ್ವಾ? ಸೈನ್ ಅವರದೇ ಬೇಕಾಗುತ್ತೆ.’ ವಿಡಿಯೊ ಅಲ್ಲಿಗೆ ಮುಗಿಯುತ್ತದೆ.

ತೀರ್ಪುಗಾರರೊಬ್ಬರು, ಹಿರಿಯರು, ‘ಇದರಲ್ಲಿ ಏನೂ ನಡೆಯೋದೇ ಇಲ್ವಲ್ಲ’ ಎಂದರು. ಮತ್ತೊಬ್ಬರು ‘ಮೇಡಂ, ಮಾತ್ರೆಗಳ ಹೆಸರು ಬರೆದ ವೇಗ ನೋಡಿದ್ರಾ?’ ಎಂದು ಕೇಳಿದರು. ಇನ್ನೊಮ್ಮೆ ಹಾಕಿ ನೋಡಿದೆವು. ಮೇಡಂ ಏನೂ ಹೇಳಲಿಲ್ಲ, ತಮ್ಮ ಪಟ್ಟಿ ಎಳೆದುಕೊಂಡು ಅಂಕ ತಿದ್ದಿದರು. ಆ ವೇಗದಲ್ಲಿ ಎಷ್ಟು ವರ್ಷಗಳ ಸಂಸಾರ ಇದೆ ಎನ್ನುವುದನ್ನು ವಿಡಿಯೊ ಬಾಯಿ ಬಿಟ್ಟು ಹೇಳಿರಲಿಲ್ಲ. ಇನ್ನೊಂದು ಗಮನಿಸಿ: ಕೌಂಟರಿನ ಹೆಣ್ಣುಮಗಳನ್ನು ಅದು ಖಳನಾಯಕಿ ಮಾಡಲಿಲ್ಲ. ಅವಳಿಗೆ ದ್ವೇಷವಿಲ್ಲ, ನಿಯಮ ಇದೆ. ಅನುಕಂಪದ ಕಥೆಗಳಲ್ಲಿ ಯಾವಾಗಲೂ ಕೆಟ್ಟವರೊಬ್ಬರು ಬೇಕಾಗುತ್ತಾರೆ. ಆ ಫಾರ್ಮನ್ನು ಅಚ್ಚು ಹಾಕಿಸಿದವರು ಯಾರು ಎಂಬ ಪ್ರಶ್ನೆ ನಮ್ಮ ತಲೆಗೆ ಬರಬೇಕಾದರೆ, ಆ ಹೆಣ್ಣುಮಗಳು ಒಳ್ಳೆಯವಳೇ ಆಗಿರಬೇಕಿತ್ತು.

ನಾನು ಬಹಳ ಮೆಚ್ಚಿದ ಇನ್ನೊಂದು ವಿಡಿಯೊ ನಗೆಯದು, ಅದಕ್ಕೆ ಬಹುಮಾನ ಬರಲಿಲ್ಲ. ಇಬ್ಬರು ಹುಡುಗಿಯರು ಬಾಡಿಗೆ ಮನೆಯ ಮಾಲೀಕರು ಬರುವ ಮುಂಚೆ ಮೆಟ್ಟಿಲ ಮೇಲೆ ಕೂತು ತಾಲೀಮು ಮಾಡುತ್ತಿದ್ದಾರೆ. ಹೋದ ಮನೆಯಲ್ಲಿ ಅಕ್ಕ ತಂಗಿ ಎಂದಿದ್ದರಂತೆ, ಮುಖ ಹೋಲುವುದಿಲ್ಲ ಎಂದು ಸಿಕ್ಕಿಬಿದ್ದರಂತೆ. ಈ ಸಲ ಸೋದರಮಾವನ ಮಗಳು. ‘ಹಾಗಾದ್ರೆ ನಿಮ್ಮಮ್ಮ ನಂಗೇನಾಗ್ಬೇಕು?’ ‘ಅತ್ತೆ ಕಣೇ.’ ‘ಅತ್ತೆನಾ? ಸರಿಯಾಗೇ ಇದ್ಯಲ್ಲ!’ ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ, ಗೇಟಿನ ಸದ್ದಾಗುತ್ತದೆ, ಮುಖ ಗಂಭೀರ ಮಾಡಿಕೊಂಡು ಎದ್ದು ನಿಲ್ಲುತ್ತಾರೆ. ಅಷ್ಟೆ. ವಸತಿಯ ಹಕ್ಕಿನ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆದರೆ ‘ಮನ ಮುಟ್ಟುವ ಗುಣ’ದ ಕಾಲಮ್ಮಿನಲ್ಲಿ ಅದಕ್ಕೆ ಬಿದ್ದದ್ದು ಪುಡಿ ಅಂಕ. ಮನ ಮುಟ್ಟುವುದು ಅಂದರೆ ಅಳಿಸುವುದು ಎಂದೇ ಎಲ್ಲರೂ ಲೆಕ್ಕ ಹಿಡಿದಿದ್ದರು. ಕಷ್ಟದಲ್ಲಿರುವವರು ನಗಬಾರದು, ನಕ್ಕರೆ ಕಷ್ಟ ಅಷ್ಟೇನೂ ಇಲ್ಲ ಎಂಬ ಹಳೆಯ ಲೆಕ್ಕ ಅದು. ಈ ವಿಡಿಯೊ ಸೋತದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ತೀರ್ಪಿನ ಕೆಲಸ ನಡೆಯುವ ಬಗೆಯನ್ನೂ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಕೆಲವರು ನಾಳೆ ಇಂಥ ಸ್ಪರ್ಧೆ ನಡೆಸುವವರು.

ನೋಡುವ ಸರದಿ ಬಹಳ ಮುಖ್ಯ. ಎಲ್ಲ ತೀರ್ಪುಗಾರರೂ ಒಂದೇ ಸರದಿಯಲ್ಲಿ ನೋಡಿದರೆ ಮೊದಲು ಬಂದವರು ಕೆಡುತ್ತಾರೆ. ಇನ್ನೂ ಏನು ಬರಲಿದೆಯೋ ಎಂದು ಕೈ ಬಿಗಿ ಹಿಡಿದೇ ಅಂಕ ಹಾಕುತ್ತೇವೆ. ಕಿಟಕಿ, ಮಳೆ, ಪಿಯಾನೊ ಮೊದಲ ಸಲ ಬಂದಾಗ ಚೆನ್ನಾಗೇ ಕಾಣುತ್ತದೆ, ಹತ್ತನೇ ಸಲ ಬಂದವನ ಮೇಲೆ ಒಂಬತ್ತು ಜನರ ತಪ್ಪು ಬೀಳುತ್ತದೆ. ಒಬ್ಬೊಬ್ಬ ತೀರ್ಪುಗಾರರಿಗೆ ಒಂದೊಂದು ಸರದಿ ಕೊಟ್ಟರೆ ಈ ಅನ್ಯಾಯ ಪೂರ್ತಿ ಹೋಗುವುದಿಲ್ಲ, ಹಂಚಿಹೋಗುತ್ತದೆ. ಎರಡನೆಯದು, ಚರ್ಚೆಗೆ ಮುಂಚೆ ಎಲ್ಲರೂ ಅಂಕ ಬರೆದು ಮಡಚಿ ಇಡಬೇಕು. ಇಲ್ಲದಿದ್ದರೆ ಮೊದಲು ಬಾಯಿ ತೆರೆದವರ ಅಭಿಪ್ರಾಯವೇ ಎಲ್ಲರದೂ ಆಗುತ್ತದೆ.

ಸರಾಸರಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಇಬ್ಬರೂ ಹತ್ತಕ್ಕೆ ಆರು ಕೊಟ್ಟ ವಿಡಿಯೊ, ಒಬ್ಬರು ಒಂಬತ್ತು ಇನ್ನೊಬ್ಬರು ಮೂರು ಕೊಟ್ಟ ವಿಡಿಯೊ, ಎರಡರ ಸರಾಸರಿಯೂ ಆರೇ. ಮೊದಲನೆಯದು ಯಾರಿಗೂ ತೊಂದರೆ ಕೊಡದ ವಿಡಿಯೊ. ಎರಡನೆಯದರ ಬಗ್ಗೆ ಮಾತಾಡಲೇಬೇಕು. ಇಂಥ ವಿಷಯದಲ್ಲಿ ಒಳ್ಳೆಯ ಕೆಲಸ ಸಿಗುವುದು ಬಹುಪಾಲು ಎರಡನೆಯ ಜಾತಿಯಲ್ಲೇ.

ನನ್ನದೇ ಒಂದು ಅಭ್ಯಾಸ: ಮೊದಲು ಸದ್ದು ಮುಚ್ಚಿ ನೋಡುವುದು, ಫೋನಿನಲ್ಲಿ. ಜನ ನೋಡುವುದೂ ಹಾಗೇ ಅಲ್ಲವೇ? ಬಸ್ಸಿನಲ್ಲಿ, ಪಕ್ಕದವನಿಗೆ ಕೇಳಿಸದ ಹಾಗೆ. ಅದರಲ್ಲೂ ಈ ವಿಷಯದ ವಿಡಿಯೊವನ್ನು, ಯಾರಿಗೆ ಅದು ಅತಿ ಅಗತ್ಯವೋ ಅವರು, ಮನೆಯವರಿಗೆ ಗೊತ್ತಾಗದ ಹಾಗೆ ಹೊದಿಕೆಯೊಳಗೆ ನೋಡುತ್ತಾರೆ. ಸಂಗೀತ ತೆಗೆದ ಕೂಡಲೇ ಎಷ್ಟೋ ವಿಡಿಯೊಗಳು ಕುಸಿದುಬಿದ್ದವು. ಮಾತು ತೆರೆಯ ಮೇಲೆ ಅಕ್ಷರವಾಗಿ ಬಾರದ ವಿಡಿಯೊಗಳು ಕಿವಿ ಕೇಳದವರಿಗಂತೂ ಮೊದಲಿಂದಲೇ ಮೂಕ.

ಜನರ ಮತದಿಂದ ಬಹುಮಾನ ಕೊಡುವುದಕ್ಕೆ ನನ್ನದು ಖಡಾಖಂಡಿತ ವಿರೋಧ. ಹೆಚ್ಚು ಲೈಕ್ ಬಂದವರಿಗೆ ‘ಜನಮೆಚ್ಚಿದ’ ಬಹುಮಾನ ಅಂತ ಎಲ್ಲ ಸ್ಪರ್ಧೆಗಳಲ್ಲೂ ಇರುತ್ತದೆ. ಹಾಡಿಗೋ ಚಿತ್ರಕ್ಕೋ ಆದರೆ ಸರಿ. ಇಲ್ಲಿ ಯಾರು ಲೈಕ್ ತರಬಲ್ಲರು? ‘ನನ್ನ ವಿಡಿಯೊ ನೋಡಿ, ಮತ ಹಾಕಿ’ ಎಂದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೂ ಕಚೇರಿಯ ಗುಂಪಿಗೂ ಕಳಿಸಬಲ್ಲವರು. ಅಂದರೆ ಮುಚ್ಚಿಡುವುದಕ್ಕೆ ಏನೂ ಇಲ್ಲದವರು. ಹೆಸರು ಮರೆಮಾಡಿ ತನ್ನದೇ ಬದುಕಿನ ಕಥೆ ಕಳಿಸಿದ ಹುಡುಗಿ ಯಾರಿಗೆ ಕಳಿಸಿಯಾಳು? ಸಲಿಂಗ ಪ್ರೇಮಿಗಳ ಹಕ್ಕಿನ ಸ್ಪರ್ಧೆಯಲ್ಲಿ ಸಲಿಂಗ ಪ್ರೇಮಿಯೇ ಹಿಂದೆ ಬೀಳುವ ಹಾಗೆ ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಮೇಲಾಗಿ ಲೈಕ್ ಬಟನ್ ಇದ್ದಲ್ಲಿ ಗುಂಪು ಕಟ್ಟಿಕೊಂಡು ಬಂದು ಬೈಯುವವರೂ ಇರುತ್ತಾರೆ.

ಸುರಕ್ಷತೆಯ ಮಾತು ಇಲ್ಲಿಂದಲೇ ಶುರು. ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ. ನನ್ನ ಮಟ್ಟಿಗೆ ಇದು ಅಂಕದ ವಿಷಯವಲ್ಲ, ಒಳಗೋ ಹೊರಗೋ ಎನ್ನುವ ವಿಷಯ. ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ದೇಶಗಳು ಇಂದಿಗೂ ಅರವತ್ತಕ್ಕೂ ಹೆಚ್ಚಿವೆ. ಉಗಾಂಡದ 2023ರ ಕಾಯಿದೆಯಲ್ಲಿ ಕೆಲವು ಸಂದರ್ಭಗಳಿಗೆ ಮರಣದಂಡನೆಯೂ ಇದೆ. ಅಪರಾಧವಲ್ಲದ ಕಡೆಯೂ ಕೆಲಸ ಹೋಗಬಹುದು, ಮನೆ ಹೋಗಬಹುದು, ಬಲವಂತದ ಮದುವೆ ಆಗಬಹುದು. ಒಮ್ಮೆ ಇಂಟರ್ನೆಟ್ಟಿಗೆ ಏರಿದ ವಿಡಿಯೊವನ್ನು ಇಳಿಸಿದೆವು ಅಂದುಕೊಂಡರೂ ಅದು ಎಲ್ಲೋ ಯಾರದೋ ಫೋನಿನಲ್ಲಿ ಉಳಿದಿರುತ್ತದೆ.

ಮುಖ ಮಸುಕು ಮಾಡಿದರೆ ಸಾಕು ಎಂದು ತುಂಬ ಜನ ತಿಳಿದಿದ್ದಾರೆ. ಒಂದು ವಿಡಿಯೊದಲ್ಲಿ ಮುಖವನ್ನು ಚೆನ್ನಾಗಿಯೇ ಮಸುಕು ಮಾಡಿದ್ದರು. ದನಿ ಹಾಗೇ ಇತ್ತು. ಮುಂಗೈ ಮೇಲಿನ ಹಚ್ಚೆ ಕಾಣುತ್ತಿತ್ತು. ಹಿಂದಿನ ಗೋಡೆಯ ಮೇಲೆ ಮನೆಮಂದಿಯೆಲ್ಲ ನಿಂತ ಫೋಟೊ. ಕಪಾಟಿನ ಗಾಜಿನಲ್ಲಿ ಕ್ಯಾಮೆರಾ ಹಿಡಿದವನ ಮುಖ ಬೇರೆ. ಪರಿಚಯದವರಿಗೆ ಗುರುತು ಹತ್ತಲು ಮುಖವೇ ಬೇಕಿಲ್ಲ, ಮತ್ತೆ ಅಪಾಯ ಇರುವುದೇ ಪರಿಚಯದವರಿಂದ. ನಾವು ಅದನ್ನು ಸ್ಪರ್ಧೆಗೆ ಹಾಕದೆ, ಕಳಿಸಿದವರಿಗೆ ಸದ್ದಿಲ್ಲದೆ ಹೇಳಿ, ಹೊಸದಾಗಿ ಮಾಡಿ ಕಳಿಸಲು ಸಮಯ ಕೊಟ್ಟೆವು. ಎರಡನೆಯ ಸಲ ಅವರು ಬೊಂಬೆಗಳನ್ನಿಟ್ಟು, ಗೆಳತಿಯೊಬ್ಬಳ ದನಿಯಲ್ಲಿ ಮಾಡಿ ಕಳಿಸಿದರು. ಮೊದಲನೆಯದಕ್ಕಿಂತ ಎಷ್ಟೋ ಪಾಲು ಚೆನ್ನಾಗಿತ್ತು ಅನ್ನುವುದು ಬೇರೆ ಮಾತು. ಕೈ, ನೆರಳು, ಚಿತ್ರ, ಬೊಂಬೆ, ಖಾಲಿ ಕುರ್ಚಿ: ಮುಖವಿಲ್ಲದೆ ಕಥೆ ಹೇಳುವ ದಾರಿಗಳಿಗೆ ಬರವಿಲ್ಲ.

ಒಂದು ಬಗೆಯ ವಿಡಿಯೊಗಳನ್ನು ನಾನು ಪೂರ್ತಿ ನೋಡಲೂ ಇಲ್ಲ. ಬಚ್ಚಿಟ್ಟ ಕ್ಯಾಮೆರಾದವು. ‘ಅಮ್ಮನಿಗೆ ಹೇಳಿದಾಗ ಅವಳ ಮುಖ ನೋಡಿ’ ಎಂದು ಅಮ್ಮನಿಗೇ ಗೊತ್ತಿಲ್ಲದೆ ತೆಗೆದದ್ದು. ಅಥವಾ ಇಬ್ಬರು ನಟರು ಜೋಡಿಯ ಹಾಗೆ ಕೈ ಹಿಡಿದುಕೊಂಡು ರಸ್ತೆಯಲ್ಲಿ ನಡೆದು, ದುರುಗುಟ್ಟಿ ನೋಡಿದ ದಾರಿಹೋಕರ ಮುಖವನ್ನು ಜಗತ್ತಿಗೆ ತೋರಿಸುವುದು, ಅದಕ್ಕೆ ‘ಸಾಮಾಜಿಕ ಪ್ರಯೋಗ’ ಎಂಬ ದೊಡ್ಡ ಹೆಸರು. ಖಾಸಗಿತನ ನಮ್ಮ ಹಕ್ಕು ಎಂದು ಡಜನ್ ಕಾಲದಿಂದ ನ್ಯಾಯಾಲಯಗಳ ಮೆಟ್ಟಿಲು ಹತ್ತಿದವರ ಪರವಾಗಿ ಇನ್ನೊಬ್ಬರ ಖಾಸಗಿತನಕ್ಕೆ ಕನ್ನ ಹಾಕುವುದು ಯಾವ ಸೀಮೆಯ ನ್ಯಾಯ? ಆ ಅಮ್ಮನಿಗೆ ಯೋಚಿಸಲು ಒಂದು ವಾರ ಬೇಕಿತ್ತೇನೋ. ಅವಳ ಮೊದಲ ಹತ್ತು ಸೆಕೆಂಡಿನ ಮುಖವೇ ಅವಳ ಕೊನೆಯ ಮಾತೆಂದು ಊರೆಲ್ಲ ನೋಡಿಬಿಟ್ಟಿತು.

ಕಾಮನಬಿಲ್ಲಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1978ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಗಿಲ್ಬರ್ಟ್ ಬೇಕರ್, ಸಲಿಂಗ ಪ್ರೇಮಿಗಳ ಗುರುತಾದ ಕಾಮನಬಿಲ್ಲಿನ ಬಾವುಟವನ್ನು ಮೊದಲು ಮಾಡಿದಾಗ ಎಂಟು ಬಣ್ಣದ ಪಟ್ಟಿಗಳಿದ್ದವು, ಆಮೇಲೆ ಆರಕ್ಕೆ ಇಳಿಯಿತು. ಬಾವುಟ ಬೀದಿಯಲ್ಲಿ ಹಾರಬೇಕಾದ್ದು. ಕಥೆ ಮುಗಿಸಲು ಗೊತ್ತಾಗದವರಿಗೆ ಪರದೆ ಎಳೆಯುವ ಬಟ್ಟೆಯಾಗಿಬಿಟ್ಟಿದೆ ಈಗ. ಕೊನೆಯ ಐದು ಸೆಕೆಂಡಿನ ಕಾಮನಬಿಲ್ಲನ್ನು ಕತ್ತರಿಸಿ ನೋಡಿ. ವಿಡಿಯೊಗೆ ಏನೂ ಕಡಿಮೆಯಾಗದಿದ್ದರೆ ಕತ್ತರಿಸಿದ ಹಾಗೇ ಬಿಡಿ.

ಮಾತಿನ ನಡುವೆ ಬಂದ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ‘ಸಲಿಂಗ ಪ್ರೇಮಿಗಳಲ್ಲದವರು ಇಂಥ ವಿಡಿಯೊ ಮಾಡಬಹುದೇ ಸರ್?’ ಎಂದು ಒಬ್ಬರು ಕೇಳಿದರು. ಮಾಡಿ. ಆದರೆ ಅವರ ನೋವನ್ನು ನೀವು ನಟಿಸಿ ತೋರಿಸುವುದಕ್ಕಿಂತ ನಿಮ್ಮ ಕಡೆಯ ಕೌಂಟರನ್ನು ತೋರಿಸಿ. ನೀವು ಮನೆ ಬಾಡಿಗೆಗೆ ಕೊಡುವವರ ಮಗ ಇರಬಹುದು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇರಬಹುದು, ಶಾಲೆಯಲ್ಲಿ ಪಾಠ ಹೇಳುವವರು ಇರಬಹುದು. ಅಲ್ಲಿ ನೀವು ಕಂಡದ್ದು ಸಲಿಂಗ ಪ್ರೇಮಿಗೆ ಕಾಣುವುದಿಲ್ಲ. ಅವರಿಗೆ ಬಾಗಿಲು ಹಾಕಿಕೊಂಡದ್ದು ಮಾತ್ರ ಗೊತ್ತು, ಬಾಗಿಲ ಹಿಂದೆ ಏನು ಮಾತಾಡಿಕೊಂಡರು ಎಂಬುದು ನಿಮಗೆ ಗೊತ್ತು. ಇಂಥ ಒಂದೇ ಒಂದು ವಿಡಿಯೊ ಬಂದಿದ್ದರೆ ಸ್ಪರ್ಧೆಯ ಕಳೆಯೇ ಬೇರೆಯಾಗುತ್ತಿತ್ತು.

ಇನ್ನೊಬ್ಬರು ಕೇಳಿದ್ದು: ತೀರ್ಪುಗಾರರಲ್ಲಿ ಸಲಿಂಗ ಪ್ರೇಮಿಗಳು ಇರಲೇಬೇಕೇ? ಇರಬೇಕು, ಒಬ್ಬರಲ್ಲ, ಒಬ್ಬರಿಗಿಂತ ಹೆಚ್ಚು. ಒಬ್ಬರೇ ಇದ್ದರೆ ಅವರು ತೀರ್ಪುಗಾರರಾಗಿ ಉಳಿಯುವುದಿಲ್ಲ, ಎಲ್ಲದಕ್ಕೂ ‘ನೀವು ಹೇಳಿ, ನಿಮಗೆ ಹೇಗನಿಸಿತು?’ ಎಂದು ಎಲ್ಲರೂ ಅವರ ಮುಖ ನೋಡುತ್ತಾರೆ. ಇಬ್ಬರು ಮೂವರು ಇದ್ದರೆ ಅವರವರಲ್ಲೇ ಜಗಳ ಬೀಳುತ್ತದೆ, ಆಗ ಉಳಿದವರಿಗೂ ಬಾಯಿ ಬರುತ್ತದೆ. ನಮ್ಮಲ್ಲಿ ಇಬ್ಬರಿದ್ದರು. ಕಿಟಕಿ ಮಳೆಯ ವಿಡಿಯೊವೊಂದಕ್ಕೆ ಅವರಲ್ಲಿ ಒಬ್ಬರು ಪೂರ್ತಿ ಅಂಕ ಕೊಟ್ಟರು. ನಾನು ಕೌಂಟರಿನ ರಾಗ ಎಳೆದೆ. ‘ಸರ್, ನನಗೆ ಹದಿನಾರು ವರ್ಷ ಇದ್ದಾಗ ಇದನ್ನು ನೋಡಿದ್ದರೆ ಒಬ್ಬನೇ ಅಲ್ಲ ಅಂತಾದರೂ ಗೊತ್ತಾಗ್ತಿತ್ತು’ ಎಂದರು. ಆ ಅಂಕವನ್ನು ನಾನು ಪ್ರಶ್ನಿಸಲಿಲ್ಲ, ನನ್ನದನ್ನು ಬದಲಿಸಲೂ ಇಲ್ಲ. ಹಾಗೆ ಉಳಿಯುವ ಭಿನ್ನಾಭಿಪ್ರಾಯಕ್ಕೂ ಜಾಗ ಇರಲಿ.

ಕೊನೆಗೆ ಬಹುಮಾನ ವಿತರಣೆಯ ವಿಷಯ. ವೇದಿಕೆಗೆ ಕರೆದು, ಹಾರ ಹಾಕಿ, ಫೋಟೊ ತೆಗೆಸುವುದು ಎಂದು ಕಾರ್ಯಕ್ರಮ ಪಟ್ಟಿ ಆಗಿತ್ತು. ಆಸ್ಪತ್ರೆಯ ವಿಡಿಯೊಗೆ ಮೊದಲ ಬಹುಮಾನ ಎಂದು ಗೊತ್ತಾದ ಮೇಲೆ ಅದನ್ನು ಮಾಡಿದವರಿಗೆ ಫೋನ್ ಮಾಡಿದೆವು. ‘ನಾನು ಬರೋದಿಲ್ಲ, ಹೆಸರೂ ಹೇಳಬೇಡಿ’ ಎಂದರು. ಸಂಘಟಕರು ಕಕ್ಕಾಬಿಕ್ಕಿ. ಹೆಸರಿಲ್ಲದೆ ಹಣ ಕೊಡುವುದು ಹೇಗೆ, ಲೆಕ್ಕ ತಪಾಸಣೆಯವರಿಗೆ ಏನು ಹೇಳುವುದು? ಎರಡು ದಿನ ಇದೇ ಚರ್ಚೆ. ಕೊನೆಗೆ ದಾಖಲೆಯ ಹೆಸರು ಖಜಾಂಚಿಯೊಬ್ಬರಿಗೆ ಮಾತ್ರ ತಿಳಿದಿರುವುದು, ವೇದಿಕೆಯಲ್ಲಿ ವಿಡಿಯೊದ ಶೀರ್ಷಿಕೆಯನ್ನಷ್ಟೇ ಕರೆಯುವುದು, ಹಣ ನೇರವಾಗಿ ಖಾತೆಗೆ ಹೋಗುವುದು ಎಂದಾಯಿತು. ಮುಂದಿನ ಸಲದ ಪ್ರವೇಶ ಪತ್ರ ಈಗಾಗಲೇ ಸಿದ್ಧವಾಗಿದೆ. ಅದರಲ್ಲಿ ದಾಖಲೆಯ ಹೆಸರಿಗೆ ಒಂದು ಜಾಗ, ತೆರೆಯ ಮೇಲೆ ಬರಬೇಕಾದ ಹೆಸರಿಗೆ ಇನ್ನೊಂದು ಜಾಗ, ಫೋನ್ ಮಾಡಬಹುದಾದ ಹೊತ್ತು ಯಾವುದು ಎಂಬುದಕ್ಕೆ ಮತ್ತೊಂದು. ವಿಡಿಯೊದಲ್ಲಿ ಕಾಣುವ ಎಲ್ಲರ ಒಪ್ಪಿಗೆಯ ಸಹಿ ಬೇಕು, ಒಪ್ಪಿಗೆ ಹಿಂತೆಗೆದುಕೊಳ್ಳಲು ಕೊನೆಯ ದಿನಾಂಕ ಎಂಬುದು ಇಲ್ಲ. ‘ಮನ ಮುಟ್ಟುವ ಗುಣ’ದ ಕಾಲಂ ತೆಗೆಯಲು ಸಂಘಟಕರು ಒಪ್ಪಿಲ್ಲ, ಅಂಕವನ್ನು ಅರ್ಧಕ್ಕೆ ಇಳಿಸಿದ್ದಾರೆ. ಉಳಿದ ಅರ್ಧಕ್ಕಾಗಿ ನಾನು ಇನ್ನೂ ಜಗಳ ಆಡುತ್ತಿದ್ದೇನೆ.